ಚರ್ಚಿನ ಮೊದಲ ಕೆಲಸ ಯಾವುದು? ನಮ್ಮ ಗುರುಗಳನ್ನು ನಾವೇ ಬೇರೆ ದಾರಿಗೆ ಎಳೆಯುತ್ತಿದ್ದೇವಾ?

ಅಮ್ಮತ್ತಿ_ತೋಟ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ, ಇವತ್ತು ಬರೆದೇ ಬಿಡುತ್ತೇನೆ. ಯಾವ ಚರ್ಚು, ಯಾವ ಫಾದರ್ ಅಂತ ದಯವಿಟ್ಟು ಕೇಳಬೇಡಿ. ಊಹೆ ಮಾಡಿ ಬರೆಯುವುದೂ ಬೇಡ.

ಕಳೆದ ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ಪ್ರಕಟಣೆಗಳು ಶುರುವಾದವು. ಹಾಲ್‌ನ ಟೈಲ್ಸ್ ಕೆಲಸ ಎಲ್ಲಿಗೆ ಬಂತು, ಜನರೇಟರ್ ರಿಪೇರಿಗೆ ಎಷ್ಟು ಹೋಯಿತು, ಶಾಲೆ ಬಸ್ಸಿನ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಲಕ್ಕಿ ಡಿಪ್ ಟಿಕೆಟ್ ಪುಸ್ತಕ ಯಾರ್ಯಾರು ಇನ್ನೂ ವಾಪಸ್ ಕೊಟ್ಟಿಲ್ಲ, ಹಬ್ಬದ ಊಟಕ್ಕೆ ದಾನಿಗಳು ಯಾರು. ಆ ದಿನದ ಪ್ರಬೋಧನೆಗಿಂತ ಇದೇ ಉದ್ದವಾಯಿತು. ಮನೆಗೆ ಬಂದ ಮೇಲೆ ಮಗಳನ್ನು ಕೇಳಿದೆ, ಇವತ್ತಿನ ಶುಭಸಂದೇಶ ಯಾವುದು ಅಂತ. ಅವಳಿಗೆ ಟೈಲ್ಸಿನ ಲೆಕ್ಕ ನೆನಪಿತ್ತು, ಶುಭಸಂದೇಶ ನೆನಪಿರಲಿಲ್ಲ.

ನಮ್ಮ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಒಬ್ಬರು ಅಜ್ಜಿ ಇದ್ದಾರೆ. ಸೊಂಟ ಮುರಿದು ಮಲಗಿದ್ದಾರೆ. ಅವರ ಜಪಸರದಲ್ಲಿ ಮಣಿ ಉದುರಿದ ಕಡೆಯೆಲ್ಲ ಹೊಲಿಗೆ ದಾರದಿಂದ ಗಂಟು ಹಾಕಿಕೊಂಡಿದ್ದಾರೆ. ಬೆರಳಿಗೆ ಗಂಟು ಸಿಕ್ಕರೆ ಅದನ್ನೇ ಮಣಿ ಅಂತ ಎಣಿಸುತ್ತಾರೆ. ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಬೇಕು ಅಂತ ಹೇಳಿ ಕಳಿಸಿ ಕಳಿಸಿ ಅವರಿಗೆ ಸಾಕಾಗಿದೆ. ನಮ್ಮ ಫಾದರ್ ಒಳ್ಳೆಯವರು, ಸೋಮಾರಿ ಖಂಡಿತ ಅಲ್ಲ. ಬೆಳಿಗ್ಗೆ ಕಂಟ್ರಾಕ್ಟರ್, ಮಧ್ಯಾಹ್ನ ಬಿಇಒ ಆಫೀಸು, ಸಂಜೆ ಹಬ್ಬದ ಸಮಿತಿ. ಅವರಿಗೆ ಹೊತ್ತು ಎಲ್ಲಿದೆ?

ಚರ್ಚು ಇರುವುದು ದೇವರ ವಾಕ್ಯ ಸಾರುವುದಕ್ಕೆ, ಸಂಸ್ಕಾರಗಳನ್ನು ಕೊಡುವುದಕ್ಕೆ, ಜನರನ್ನು ಕ್ರಿಸ್ತನ ಹತ್ತಿರ ಕರೆದುಕೊಂಡು ಹೋಗುವುದಕ್ಕೆ. ಹಾಲ್ ಬುಕಿಂಗ್ ನೋಡಿಕೊಳ್ಳುವುದಕ್ಕೆ ಒಬ್ಬ ಮನುಷ್ಯ ಸೆಮಿನರಿಯಲ್ಲಿ ಅಷ್ಟು ವರ್ಷ ಓದಬೇಕಾ? ಬೇರೆ ಕಡೆ ಹೇಗಿದೆ ಹೇಳಿ.

ವೀರಾಜಪೇಟೆ_ಜೋ

ನೂರಕ್ಕೆ ನೂರು ಸರಿ. ನಮ್ಮ ಕಡೆಯೂ ಇದೇ ಕಥೆ.

ಟೀಚರ್_ಸುಂಟಿಕೊಪ್ಪ

ಅಣ್ಣ, ಅಜ್ಜಿಯ ವಿಷಯ ಓದಿ ಬೇಜಾರಾಯಿತು. ಆದರೆ ನಿಮ್ಮ ಮಾತು ಹೋಗುತ್ತಿರುವ ದಿಕ್ಕು ನನಗೆ ಒಪ್ಪಿಗೆ ಇಲ್ಲ. ಶಾಲೆಯನ್ನೂ ಟೈಲ್ಸನ್ನೂ ಒಂದೇ ಸಾಲಿನಲ್ಲಿ ಇಟ್ಟುಬಿಟ್ಟಿರಿ.

ನಾನು ಪಾಠ ಮಾಡುವ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಲೈನ್ ಮನೆಯವರು. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸ. ಮನೆಯಲ್ಲಿ ಮೊದಲ ಸಲ ಪುಸ್ತಕ ಹಿಡಿದಿರುವುದು ಈ ಮಕ್ಕಳೇ. ಕಾಫಿ ಕುಯ್ಲು ಬಂತು ಅಂದರೆ ದೊಡ್ಡ ಹುಡುಗಿಯರು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಶಾಲೆ ಬಿಡುತ್ತಾರೆ. ಸಿಸ್ಟರ್ ಲೈನಿಗೇ ಹೋಗಿ ಕರೆದುಕೊಂಡು ಬರುತ್ತಾರೆ. ಅದು ಸುವಾರ್ತೆ ಅಲ್ವಾ? ಬಟ್ಟೆ ಇಲ್ಲದವನಿಗೆ, ಊಟ ಇಲ್ಲದವನಿಗೆ ಬಾಯಿಮಾತಿನಲ್ಲಿ ಹರಸಿ ಕಳಿಸಿದರೆ ಏನು ಪ್ರಯೋಜನ ಅಂತ ಯಾಕೋಬನ ಪತ್ರಿಕೆ ಎರಡನೇ ಅಧ್ಯಾಯ ನೇರವಾಗಿ ಕೇಳುತ್ತದೆ.

ಅಮ್ಮತ್ತಿ_ತೋಟ

ಅಕ್ಕ, ಶಾಲೆ ಮುಚ್ಚಿ ಅಂತ ನಾನೆಲ್ಲೂ ಹೇಳಿಲ್ಲ. ಬಸ್ಸಿನ ಎಫ್‌ಸಿಗೆ ಆರ್‌ಟಿಒ ಆಫೀಸಿನಲ್ಲಿ ಫಾದರ್ ಯಾಕೆ ನಿಲ್ಲಬೇಕು ಅಂತ ಕೇಳಿದೆ. ನೀವು ಹೇಳಿದ ಸಿಸ್ಟರ್ ಲೈನಿಗೆ ಹೋಗುತ್ತಾರಲ್ಲ, ಅದೇ ನನಗೆ ಬೇಕಾಗಿರುವುದು.

ಹಳೇ_ಮೇಷ್ಟ್ರು

ಈ ಜಗಳ ಹೊಸದಲ್ಲ. ಅಪೊಸ್ತಲರ ಕಾರ್ಯಕಲಾಪಗಳು ಆರನೇ ಅಧ್ಯಾಯ ತೆಗೆದು ನೋಡಿ. ಜೆರುಸಲೇಮಿನಲ್ಲಿ ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ ದೂರು ಬಂತು. ಹನ್ನೆರಡು ಮಂದಿ ಅಪೊಸ್ತಲರು ಏನು ಮಾಡಿದರು? ದೂರು ಸುಳ್ಳು ಅನ್ನಲಿಲ್ಲ. ತಾವೇ ಸೌಟು ಹಿಡಿದು ನಿಲ್ಲಲೂ ಇಲ್ಲ. ಜನರ ಕೈಯಲ್ಲೇ ಏಳು ಮಂದಿಯನ್ನು ಆರಿಸಿಸಿ, ಅವರಿಗೆ ಆ ಕೆಲಸ ಒಪ್ಪಿಸಿ, ತಾವು ಪ್ರಾರ್ಥನೆಗೂ ವಾಕ್ಯಕ್ಕೂ ಉಳಿದರು. ವಿಧವೆಯರ ಊಟವೂ ನಿಲ್ಲಲಿಲ್ಲ, ವಾಕ್ಯವೂ ನಿಲ್ಲಲಿಲ್ಲ.

ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್. ಹರ್ಮನ್ ಮೊಗ್ಲಿಂಗ್ ಹೆಸರು ಎಲ್ಲರಿಗೂ ಗೊತ್ತು. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದವರು. ಆಮೇಲೆ 1850ರ ದಶಕದಲ್ಲಿ ಕೊಡಗಿಗೆ ಬಂದು ಆನಂದಪುರದಲ್ಲಿ ನೆಲೆ ಊರಿದರು. ಅವರು ಬಂದಿದ್ದು ಸುವಾರ್ತೆಗೆ. ಆದರೆ ಕ್ರೈಸ್ತರಾದ ಮೇಲೆ ಜನರಿಗೆ ಜಾತಿಯ ಆಸರೆ ಹೋಯಿತು, ಕೆಲಸ ಹೋಯಿತು. ಅವರಿಗೆ ಅನ್ನದ ದಾರಿ ತೋರಿಸಲೇಬೇಕಾಯಿತು. ಹಾಗಾಗಿಯೇ ಕರಾವಳಿಯಲ್ಲಿ ನೇಯ್ಗೆ ಬಂತು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಬಂತು. ವ್ಯಾಪಾರ ಬೆಳೆಯುತ್ತದೆ ಅಂತ ಗೊತ್ತಾದಾಗ ಬಾಸೆಲಿನವರು 1859ರಲ್ಲೇ ಅದಕ್ಕೊಂದು ಪ್ರತ್ಯೇಕ ಕಂಪನಿ ಮಾಡಿದ್ದರು. ಲೆಕ್ಕಪುಸ್ತಕ ಬೇರೆ, ಬೈಬಲ್ ಬೇರೆ. ಈಗಿನವರು ಇದನ್ನು ಕಲಿಯಬೇಕು.

ಟೀಚರ್_ಸುಂಟಿಕೊಪ್ಪ

ಮೇಷ್ಟ್ರೇ, ಆರನೇ ಅಧ್ಯಾಯಕ್ಕೇ ನಿಲ್ಲಿಸಬೇಡಿ, ಏಳು ಎಂಟೂ ಓದಿ. ಊಟ ಹಂಚಲು ಆರಿಸಿದ ಏಳು ಮಂದಿಯಲ್ಲಿ ಸ್ತೇಫನ ಒಬ್ಬ. ಏಳನೇ ಅಧ್ಯಾಯದ ತುಂಬಾ ಅವನದೇ ಪ್ರಸಂಗ. ಅದಕ್ಕೇ ಕಲ್ಲು ಹೊಡೆದು ಕೊಂದರು, ಅವನೇ ಮೊದಲ ರಕ್ತಸಾಕ್ಷಿ. ಫಿಲಿಪ್ಪನೂ ಆ ಏಳರಲ್ಲಿ ಒಬ್ಬ. ಎಂಟನೇ ಅಧ್ಯಾಯದಲ್ಲಿ ಇಥಿಯೋಪ್ಯದ ಅಧಿಕಾರಿಗೆ ದೀಕ್ಷಾಸ್ನಾನ ಕೊಟ್ಟವನು ಅವನೇ. ಹಾಗಾದರೆ ಊಟ ಬಡಿಸುವವರೂ ವಾಕ್ಯ ಸಾರಿದರು ಅಲ್ವಾ? ಎರಡನ್ನೂ ಕತ್ತರಿ ಹಾಕಿ ಬೇರೆ ಮಾಡಲು ಆಗುವುದಿಲ್ಲ.

ಹಳೇ_ಮೇಷ್ಟ್ರು

ಒಳ್ಳೆಯ ಪಾಯಿಂಟ್. ಒಪ್ಪುತ್ತೇನೆ. ಆದರೆ ಆ ಏಳು ಮಂದಿಯನ್ನು ಆರಿಸುವಾಗ ಪವಿತ್ರಾತ್ಮಭರಿತರು, ಬುದ್ಧಿವಂತರು, ಒಳ್ಳೆಯ ಹೆಸರಿರುವವರು ಇರಬೇಕು ಅಂತ ಷರತ್ತು ಹಾಕಿದ್ದರು. ನಾವು ಹಬ್ಬದ ಸಮಿತಿಗೆ ಜನ ಆರಿಸುವಾಗ ಏನು ನೋಡುತ್ತೇವೆ? ಜಾಸ್ತಿ ವಸೂಲಿ ಯಾರು ಮಾಡುತ್ತಾರೆ ಅಂತ.

ಕೋಟೆಬೀದಿ

ಮಡಿಕೇರಿ ಕೋಟೆಯೊಳಗಿನ ಸಂತ ಮಾರ್ಕರ ಚರ್ಚ್ ನೋಡಿ ಸಾಕು. 1855ರಲ್ಲಿ ಕಟ್ಟಿದ್ದು. ಚೆಂದದ ಕಟ್ಟಡ, ಬಣ್ಣದ ಗಾಜಿನ ಕಿಟಕಿ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಹಳೇ ಶಿಲ್ಪ, ಆಯುಧ ನೋಡಲು ಪ್ರವಾಸಿಗರು ಹೋಗುತ್ತಾರೆ. ಕಟ್ಟಡ ಉಳಿಯಿತು, ಸಭೆ ಉಳಿಯಲಿಲ್ಲ. ಕಟ್ಟಡಕ್ಕೆ ಇಷ್ಟೊಂದು ಒದ್ದಾಡುವವರು ಒಂದು ಸಲ ಅಲ್ಲಿಗೆ ಹೋಗಿ ನಿಂತು ಬರಬೇಕು.

ವೀರಾಜಪೇಟೆ_ಜೋ

ಅದು ಸರಿಯಾದ ಉದಾಹರಣೆ ಅಲ್ಲ ಮಾರಾಯ್ರೇ. ಅದು ಬ್ರಿಟಿಷ್ ಅಧಿಕಾರಿಗಳಿಗೆ, ಸಿಪಾಯಿಗಳಿಗೆ ಅಂತ ಕಟ್ಟಿದ ಚರ್ಚು. ಅವರು ಊರು ಬಿಟ್ಟರು, ಚರ್ಚು ಖಾಲಿಯಾಯಿತು. ಊರ ಜನರನ್ನು ಸೇರಿಸಿಕೊಂಡಿದ್ದೇ ಇಲ್ಲ.

ನಮ್ಮ ವೀರಾಜಪೇಟೆ ಸಂತ ಅನ್ನಮ್ಮನ ಚರ್ಚ್ ತಗೊಳ್ಳಿ. 1792ರದ್ದು. ಟಿಪ್ಪುವಿನ ಸೆರೆ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟು ನೆಲೆ ಮಾಡಿಸಿದರು. ಹಿಂದೂ ರಾಜ ಕೊಟ್ಟ ನೆಲ. ಓಡಿ ಬಂದ ಜನರಿಗೆ ಮೊದಲು ಬೇಕಾಗಿದ್ದು ಒಟ್ಟಿಗೆ ಕೂತು ಪ್ರಾರ್ಥಿಸುವ ಜಾಗ. ಇವತ್ತಿಗೂ ಅಲ್ಲಿ ಪೂಜೆ ನಡೆಯುತ್ತಿದೆ. ಜನರ ಪ್ರಾರ್ಥನೆಯಿಂದ ಹುಟ್ಟಿದ್ದು ಉಳಿದಿದೆ.

ಕೋಟೆಬೀದಿ

ನೀವು ಹೇಳಿದ್ದು ನನ್ನ ಮಾತಿಗೇ ಬಲ ಕೊಟ್ಟಿತು ಅಲ್ವಾ? ಊರ ಜನರನ್ನು ಸೇರಿಸಿಕೊಳ್ಳದ ಚರ್ಚು ಮ್ಯೂಸಿಯಂ ಆಯಿತು ಅಂತಲೇ ನಾನು ಹೇಳಿದ್ದು.

ಸಿಎಸ್‌ಐ_ಸಭೆಯವಳು

ಕ್ಯಾಥೊಲಿಕ್ ಅಣ್ಣಂದಿರಿಗೆ ಟೈಲ್ಸ್ ತಲೆನೋವು. ನಮಗೆ ಚುನಾವಣೆ. ಸಭಾ ಸಮಿತಿ ಚುನಾವಣೆ, ಮೇಲೆ ಡಯಾಸಿಸ್ (ಬಿಷಪ್ ವ್ಯಾಪ್ತಿಯ ಪ್ರಾಂತ) ಚುನಾವಣೆ, ಅದರ ಮೇಲೆ ಇಡೀ ಸಭೆಯ ಸಿನಾಡ್. 1947ರ ಸೆಪ್ಟೆಂಬರ್ 27ರಂದು ಬೇರೆ ಬೇರೆ ಸಭೆಗಳು ಒಂದಾಗಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದಾಗ ಅದು ದೊಡ್ಡ ಸಾಕ್ಷಿಯಾಗಿತ್ತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಲ್ಲರೂ ಒಂದೇ ಮೇಜಿಗೆ ಬಂದರು. 2023ರ ಸಿನಾಡ್ ಚುನಾವಣೆ ವಿವಾದ ಮದ್ರಾಸ್ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು.

ನಮ್ಮ ಸಭೆಯ ಅಯ್ಯನವರು ವೇದಪಾಠ ಚೆನ್ನಾಗಿ ಹೇಳುತ್ತಾರೆ. ಆದರೆ ಚುನಾವಣೆ ವರ್ಷ ಬಂತು ಅಂದರೆ ಯಾರ ಮನೆಗೆ ಹೋದರೆ ಯಾರಿಗೆ ಸಿಟ್ಟು ಬರುತ್ತದೋ ಅಂತ ಮನೆ ಭೇಟಿಯನ್ನೇ ಕಡಿಮೆ ಮಾಡಿಬಿಡುತ್ತಾರೆ. ಎರಡು ಗುಂಪು. ಎತ್ತು ಏರಿಗೆ, ಕೋಣ ನೀರಿಗೆ. ಕುಟುಂಬ ಪ್ರಾರ್ಥನೆಗೆ ಕರೆದರೂ ಅದರಲ್ಲಿ ರಾಜಕೀಯ ಹುಡುಕುತ್ತಾರೆ. ನನಗೆ ನಿಜವಾಗಿ ಅಳು ಬರುತ್ತದೆ.

ಮಕ್ಕಂದೂರು_2018

ಹಾಲ್ ಬಗ್ಗೆ ಒಂದು ಮಾತು ಹೇಳಲೇಬೇಕು. 2018ರ ಆಗಸ್ಟ್ ಮರೆತು ಹೋಯಿತಾ? ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜರಿದಾಗ ಉಟ್ಟ ಬಟ್ಟೆಯಲ್ಲಿ ಓಡಿ ಬಂದವರು ನಾವು. ಶಾಲೆ, ಸಮಾಜದ ಕಟ್ಟಡ, ದೇವಸ್ಥಾನ, ಮಸೀದಿ, ಚರ್ಚಿನ ಹಾಲ್, ಎಲ್ಲಿ ಜಾಗ ಇತ್ತೋ ಅಲ್ಲಿ ಮಲಗಿದೆವು. ನೀವು ಬೇಡ ಅನ್ನುವ ಹಾಲ್‌ನ ನೆಲದ ಮೇಲೆ ನನ್ನ ತಾಯಿ ಚಾಪೆ ಹಾಸಿ ಮಲಗಿದ್ದರು. ಜನರೇಟರ್ ಇದ್ದಿದ್ದರಿಂದ ಲೈಟ್ ಇತ್ತು, ಫೋನ್ ಚಾರ್ಜ್ ಆಯಿತು, ಕಳೆದುಹೋದ ಚಿಕ್ಕಪ್ಪ ಸಿಕ್ಕಿದರು.

ಆದರೆ ಇನ್ನೊಂದನ್ನೂ ಹೇಳುತ್ತೇನೆ. ಅಕ್ಕಿ, ಕಂಬಳಿ, ಬಿಸ್ಕತ್ತು ಲಾರಿಗಟ್ಟಲೆ ಬಂತು. ಕೊನೆಗೆ ಬಟ್ಟೆ ಇಡಲು ಜಾಗ ಇರಲಿಲ್ಲ. ರಾತ್ರಿ ಮಳೆ ಜೋರಾದಾಗ ಮಕ್ಕಳು ಬೆಚ್ಚಿ ಬೀಳುತ್ತಿದ್ದವು, ಹೆಂಗಸರು ನಿದ್ದೆ ಮಾಡುತ್ತಿರಲಿಲ್ಲ. ಆಗ ಒಬ್ಬರು ಫಾದರ್ ಗೋಡೆಗೆ ಒರಗಿ ರಾತ್ರಿಯಿಡೀ ನಮ್ಮ ಜೊತೆ ಕೂತಿರುತ್ತಿದ್ದರು. ನಾವು ಕ್ರೈಸ್ತರಲ್ಲ. ಅವರು ನಮಗೆ ಏನೂ ಬೋಧಿಸಲಿಲ್ಲ. ಯಾರಾದರೂ ಮಾತಾಡಿದರೆ ಕೇಳುತ್ತಿದ್ದರು, ಅಷ್ಟೇ. ಕಂಬಳಿ ಕೊಟ್ಟವರ ಹೆಸರು ನೆನಪಿಲ್ಲ. ಅವರ ಮುಖ ನೆನಪಿದೆ.

ಅಮ್ಮತ್ತಿ_ತೋಟ

ಇದನ್ನು ಓದಿ ಕಣ್ಣು ತುಂಬಿತು. ಹಾಲ್ ಬೇಕು, ಒಪ್ಪಿದೆ. ಆ ರಾತ್ರಿ ಆ ಫಾದರ್‌ಗೆ ಡೀಸೆಲ್ ಲೆಕ್ಕ ಬರೆಯುವ ಕೆಲಸ ಇದ್ದಿದ್ದರೆ ನಿಮ್ಮ ಹತ್ತಿರ ಕೂರಲು ಆಗುತ್ತಿತ್ತಾ?

ಟೀಚರ್_ಸುಂಟಿಕೊಪ್ಪ

ಡೀಸೆಲ್ ಇಲ್ಲದಿದ್ದರೆ ಕತ್ತಲಲ್ಲಿ ಕೂರಬೇಕಾಗುತ್ತಿತ್ತು!

ಕುಶಾಲನಗರ_ಹುಡುಗ

ನಮ್ಮದು ಸಣ್ಣ ಪೆಂತೆಕೋಸ್ತ್ ಸಭೆ. ಬಾಡಿಗೆ ಕೋಣೆ, ಪ್ಲಾಸ್ಟಿಕ್ ಕುರ್ಚಿ. ಪಾಸ್ಟರ್ ವಾರದ ದಿನ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಸಂಜೆ ಮನೆ ಮನೆಗೆ ಹೋಗಿ ಪ್ರಾರ್ಥನೆ. ಆಸ್ತಿ ಇಲ್ಲ, ಆದ್ದರಿಂದ ಆಸ್ತಿ ಜಗಳವೂ ಇಲ್ಲ. ಆದರೆ ನಮಗೂ ಬೇರೆ ರೋಗ ಬಂದಿದೆ. ಯೂಟ್ಯೂಬ್ ಲೈವ್, ಹೊಸ ಕೀಬೋರ್ಡ್, ಮಿಕ್ಸರ್. ಆರಾಧನೆಯ ದಿನ ಸೌಂಡ್ ಚೆಕ್ಕಿಗೇ ಅರ್ಧ ಬೆಳಿಗ್ಗೆ ಹೋಗುತ್ತದೆ.

ಮಾರ್ಕನ ಸುವಾರ್ತೆ ಮೊದಲನೇ ಅಧ್ಯಾಯ ನನಗೆ ತುಂಬಾ ಇಷ್ಟ. ಕಪೆರ್ನೌಮಿನಲ್ಲಿ ಊರಿಗೆ ಊರೇ ಬಾಗಿಲಲ್ಲಿ ನಿಂತಿದೆ, ಯೇಸು ರೋಗಿಗಳನ್ನು ವಾಸಿ ಮಾಡುತ್ತಾರೆ. ಮಾರನೇ ದಿನ ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬರೇ ಪ್ರಾರ್ಥನೆಗೆ ಹೋಗುತ್ತಾರೆ. ಶಿಷ್ಯರು ಹುಡುಕಿಕೊಂಡು ಬಂದು ಎಲ್ಲರೂ ನಿಮ್ಮನ್ನೇ ಕೇಳುತ್ತಿದ್ದಾರೆ ಅಂದರೆ, ಪಕ್ಕದ ಊರುಗಳಿಗೆ ಹೋಗೋಣ, ಅಲ್ಲೂ ಸಾರಬೇಕು, ನಾನು ಬಂದಿರುವುದು ಅದಕ್ಕೇ ಅನ್ನುತ್ತಾರೆ. ಒಳ್ಳೆಯ ಕೆಲಸ ಬಾಗಿಲಲ್ಲಿ ಕಾಯುತ್ತಿದ್ದರೂ ಹೊರಟರು. ಎಷ್ಟು ಕಷ್ಟದ ತೀರ್ಮಾನ ಅದು.

ವೀರಾಜಪೇಟೆ_ಜೋ

ಹುಡುಗ ಚೆನ್ನಾಗಿ ಬರೆದಿದ್ದಾನೆ. ಅಂದ ಹಾಗೆ, ನಿಮ್ಮ ಕಡೆ ಮಳೆ ಬಂತಾ? ಇಲ್ಲಿ ಕಾಫಿಯ ಹೂ ಮಳೆಗೆ ಕಾದು ಕಾದು ಸಾಕಾಯಿತು. ಸ್ಪ್ರಿಂಕ್ಲರ್ ಹಾಕೋಣ ಅಂದರೆ ಕೆರೆಯಲ್ಲಿ ನೀರಿಲ್ಲ.

ಸಿದ್ದಾಪುರ_ರೈಟರ್

ಇಲ್ಲಿ ತುಂತುರು ಬಂದು ಹೋಯಿತು. ರೋಬಸ್ಟಾಗೆ ಸಾಲದು.

ಕೋಟೆಬೀದಿ

ಆಮೇಲಿನ ಬ್ಯಾಕಿಂಗ್ ಮಳೆ ಬರದಿದ್ದರೆ ಇನ್ನೂ ಕಷ್ಟ. ಹೋದ ಸಲ ಹೂ ಚೆನ್ನಾಗಿ ಬಂದು ಕಾಯಿ ಕಚ್ಚಲೇ ಇಲ್ಲ.

ನಿರ್ವಾಹಕ

ಮಳೆ ಮತ್ತು ಕಾಫಿ ಬಗ್ಗೆ ಬೇರೆ ಚರ್ಚೆ ತೆರೆದಿದೆ, ದಯವಿಟ್ಟು ಅಲ್ಲಿಗೆ ಹೋಗಿ. ಇಲ್ಲಿ ವಿಷಯಕ್ಕೆ ಬನ್ನಿ.

ಪೊನ್ನಂಪೇಟೆ_ಗೆಳೆಯ

ನಾನು ಕೊಡವ. ಕ್ರೈಸ್ತರ ಶಾಲೆಯಲ್ಲೇ ಓದಿದವನು, ಗೌರವ ಇದೆ. ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನೀವೆಲ್ಲ ಮೊದಲ ಕೆಲಸ ಸುವಾರ್ತೆ ಅನ್ನುತ್ತೀರಿ. ಹೊರಗಿನವರ ಕಿವಿಗೆ ಅದು ಮತಾಂತರ ಅಂತ ಕೇಳಿಸುತ್ತದೆ. 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂದಾಗ ಎಷ್ಟು ಗಲಾಟೆ ಆಯಿತು ನೋಡಿದ್ದೀರಿ. ನಮ್ಮ ಅನುಭವಕ್ಕೆ ಶಾಲೆ, ಆಸ್ಪತ್ರೆಯೇ ಚರ್ಚಿನ ಒಳ್ಳೆಯ ಮುಖ. ಅದನ್ನು ಬಿಟ್ಟು ಮೊದಲ ಕೆಲಸಕ್ಕೆ ಹೋಗುತ್ತೇವೆ ಅಂದರೆ ನಮಗೆ ಸ್ವಲ್ಪ ಭಯ ಆಗುತ್ತದೆ.

ಅನಾಮಿಕ_ಗುರು

ಮೊದಲಿನಿಂದ ಎಲ್ಲವನ್ನೂ ಓದುತ್ತಾ ಬಂದೆ. ನಾನು ಧರ್ಮಗುರು. ಎಲ್ಲಿ ಅಂತ ಹೇಳುವುದಿಲ್ಲ.

ಮೊದಲು ಪೊನ್ನಂಪೇಟೆಯವರಿಗೆ. ನೇರವಾಗಿ ಕೇಳಿದ್ದಕ್ಕೆ ಸಂತೋಷ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮಿಷನ್ ಕೆಲಸದ ಬಗ್ಗೆ ಹೊರಡಿಸಿದ ದಾಖಲೆಯಲ್ಲೇ ಯಾರನ್ನೂ ಬಲವಂತದಿಂದಾಗಲಿ, ಆಮಿಷದಿಂದಾಗಲಿ ವಿಶ್ವಾಸಕ್ಕೆ ತರಬಾರದು ಅಂತ ಕಟ್ಟುನಿಟ್ಟಾಗಿ ಹೇಳಿದೆ. ಮಕ್ಕಂದೂರಿನವರು ಬರೆದ ಆ ಗುರು ಮಾಡಿದ್ದು ಸುವಾರ್ತೆಯ ಕೆಲಸವೇ. ನಾನು ಕ್ರಿಸ್ತನ ಬಗ್ಗೆ ಮಾತಾಡುವುದನ್ನು ಮುಚ್ಚಿಡುವುದಿಲ್ಲ, ಅದು ನನ್ನ ಜೀವ. ಆದರೆ ಅಕ್ಕಿ ಚೀಲ ತೋರಿಸಿ ಮಾತಾಡಿದರೆ ಅದು ಅವರಿಗೂ ಅವಮಾನ, ಕ್ರಿಸ್ತನಿಗೂ ಅವಮಾನ.

ಇನ್ನು ಅಮ್ಮತ್ತಿಯವರಿಗೆ. ನಿಮ್ಮ ನೋವು ನಿಜ. ಆದರೆ ನಮ್ಮ ಪಾಡನ್ನೂ ಕೇಳಿ. 1983ರ ಧರ್ಮಸಭೆಯ ಕಾನೂನು ಸಂಹಿತೆ 532ನೇ ವಿಧಿಯ ಪ್ರಕಾರ ಧರ್ಮಕೇಂದ್ರದ (ಪ್ಯಾರಿಷ್) ಕಾನೂನು ವ್ಯವಹಾರಕ್ಕೆಲ್ಲ ಗುರುವೇ ಪ್ರತಿನಿಧಿ, ಆಸ್ತಿಪಾಸ್ತಿಗೆ ಅವನೇ ಜವಾಬ್ದಾರ. ಸಹಿ ನನ್ನದು. ಲೆಕ್ಕ ತಪ್ಪಿದರೆ ಉತ್ತರ ಕೊಡಬೇಕಾದವನು ನಾನು. ಹಾಗಾಗಿ ಎಲ್ಲವನ್ನೂ ಬಿಟ್ಟು ಕೂರಲು ಆಗುವುದಿಲ್ಲ. ಆದರೆ ಅದೇ ಸಂಹಿತೆಯ 537ನೇ ವಿಧಿ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು ಅನ್ನುತ್ತದೆ. ಅದು ಇಷ್ಟ ಬಂದರೆ ಮಾಡುವ ಸಮಿತಿ ಅಲ್ಲ. ಜನ ಕೊಟ್ಟ ಕಾಣಿಕೆಯ ಲೆಕ್ಕ ಜನರಿಗೆ ಒಪ್ಪಿಸಬೇಕು ಅಂತ 1287ನೇ ವಿಧಿ ಇದೆ. ಆಸ್ತಿ ಇಟ್ಟುಕೊಳ್ಳುವುದು ಯಾಕೆ ಅಂತ 1254ನೇ ವಿಧಿ ಹೇಳುತ್ತದೆ: ದೇವಾರಾಧನೆ, ಗುರುಗಳ ಜೀವನ, ಪ್ರೇಷಿತ ಕಾರ್ಯ (ಸುವಾರ್ತೆಯ ಕೆಲಸ), ಅದರಲ್ಲೂ ಬಡವರ ಸೇವೆ. ಇವುಗಳಿಗೆ ಸಂಬಂಧ ಇಲ್ಲದ ಖರ್ಚು ಬಂದರೆ ಎದ್ದು ನಿಂತು ಕೇಳಿ. ನೀವು ಕೇಳಿದರೆ ನಮಗೂ ಬೇಡ ಅನ್ನಲು ಧೈರ್ಯ ಬರುತ್ತದೆ.

ಆ ಅಜ್ಜಿಗೆ ಪರಮಪ್ರಸಾದ ಕೊಂಡೊಯ್ಯಲು ಗುರುವೇ ಬರಬೇಕು ಅಂತಿಲ್ಲ. 1973ರಿಂದ ಗೃಹಸ್ಥರಿಗೂ, ಸಿಸ್ಟರ್‌ಗಳಿಗೂ ಆ ಸೇವೆ ಕೊಡಲು ಅವಕಾಶ ಇದೆ. ತರಬೇತಿ ಪಡೆದು ಅನುಮತಿ ಇರುವವರು ಪ್ರತಿ ಭಾನುವಾರ ಹೋಗಬಹುದು. ಆದರೆ ಪಾಪನಿವೇದನೆ ಕೇಳಲು, ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರ ಕೊಡಲು ಗುರುವೇ ಬೇಕು. ಆದ್ದರಿಂದ ಈ ವಾರವೇ ನಿಮ್ಮ ಫಾದರ್ ಹತ್ತಿರ ಹೋಗಿ, ಅಜ್ಜಿಗೆ ಅಭ್ಯಂಗ ಬೇಕು ಅಂತ ನೇರವಾಗಿ ಹೇಳಿ. ಯಾವ ಗುರುವೂ ಇಲ್ಲ ಅನ್ನುವುದಿಲ್ಲ. ಬಸ್ಸಿನ ಎಫ್‌ಸಿಗೆ ನಾನು ಹೋಗುತ್ತೇನೆ ಅಂತ ಅದೇ ಉಸಿರಿನಲ್ಲಿ ಹೇಳಿ.

ಅಮ್ಮತ್ತಿ_ತೋಟ

ಫಾದರ್, ನಮಸ್ಕಾರ. ಎಫ್‌ಸಿಗೆ ನಾನೇ ಹೋಗುತ್ತೇನೆ. ನಮ್ಮಲ್ಲಿ ಹಣಕಾಸು ಸಮಿತಿ ಹೆಸರಿಗೆ ಇದೆ, ಅದು ಸೇರುವುದು ಹಬ್ಬದ ಮುಂಚೆ ಮಾತ್ರ. ಈ ವಿಧಿಗಳ ನಂಬರ್ ಬರೆದುಕೊಂಡೆ.

ಸಿಎಸ್‌ಐ_ಸಭೆಯವಳು

ಮೋಶೆಯ ಮಾವ ಇತ್ರೋನೂ ಇದನ್ನೇ ಹೇಳಿದ್ದು. ವಿಮೋಚನಕಾಂಡ 18. ಬೆಳಿಗ್ಗೆಯಿಂದ ಸಂಜೆ ತನಕ ಒಬ್ಬನೇ ಕೂತು ಎಲ್ಲರ ವ್ಯಾಜ್ಯ ಕೇಳಿದರೆ ನೀನೂ ಸವೆದು ಹೋಗುತ್ತೀ, ಜನರೂ ಸವೆದು ಹೋಗುತ್ತಾರೆ ಅಂತ.

ಕೋಟೆಬೀದಿ

ಹಬ್ಬದ ಮಾತು ಬಂದಿದ್ದರಿಂದ ಕೇಳುತ್ತೇನೆ. ವಾರ್ಷಿಕ ಹಬ್ಬಕ್ಕೆ ಪಟಾಕಿ, ಲೈಟಿಂಗ್, ಆರ್ಕೆಸ್ಟ್ರಾ. ಇದರಲ್ಲಿ ಯಾವ ಪ್ರೇಷಿತ ಕಾರ್ಯ ಇದೆ?

ವೀರಾಜಪೇಟೆ_ಜೋ

ಹಬ್ಬ ಮುಟ್ಟಬೇಡಿ. ತೇರಿನ ದಿನ ಊರಿನ ಹಿಂದೂಗಳು, ಮುಸ್ಲಿಮರು ಮೇಣದ ಬತ್ತಿ ಹಚ್ಚಲು ಬರುತ್ತಾರೆ. ಊರು ಬಿಟ್ಟು ಹೋದ ಮಕ್ಕಳು ಬೆಂಗಳೂರಿನಿಂದ, ಗಲ್ಫಿನಿಂದ ಬರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ವರ್ಷಕ್ಕೊಮ್ಮೆ ಪಾಪನಿವೇದನೆ ಮಾಡುವುದೇ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯ, ಆ ನೊವೇನಾ ದಿನಗಳಲ್ಲಿ.

ಕೋಟೆಬೀದಿ

ನೊವೇನಾ ಇರಲಿ, ತೇರು ಇರಲಿ. ಆರ್ಕೆಸ್ಟ್ರಾ ಯಾಕೆ?

ವೀರಾಜಪೇಟೆ_ಜೋ

ಅದು ಯುವಕರಿಗೆ.

ಕುಶಾಲನಗರ_ಹುಡುಗ

ಯುವಕನಾಗಿ ಹೇಳುತ್ತೇನೆ, ನಮಗೆ ಆರ್ಕೆಸ್ಟ್ರಾ ಬೇಕಾಗಿಲ್ಲ. ಕೆಲಸ ಇಲ್ಲದೆ, ಕುಡಿತಕ್ಕೆ ಬಿದ್ದು ನನ್ನ ಜೊತೆಯವರು ಹಾಳಾಗುತ್ತಿದ್ದಾರೆ. ಒಬ್ಬರಾದರೂ ಹಿರಿಯರು ಕೂತು ಮಾತಾಡಿದರೆ ಸಾಕು.

ಸಿದ್ದಾಪುರ_ರೈಟರ್

ನಾನು ಎಸ್ಟೇಟಿನಲ್ಲಿ ರೈಟರ್. ಹಾಜರಿ ಪುಸ್ತಕ, ಬಟವಾಡೆ ನೋಡಿಕೊಳ್ಳುವವನು. ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನೀವೆಲ್ಲ ಇರುವ ಜನರ ಬಗ್ಗೆ ಮಾತಾಡುತ್ತಿದ್ದೀರಿ. ಇಲ್ಲಿ ಬಂದು ಸೇರಿದ ಜನರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಈಗ ನಮ್ಮ ಲೈನಿನಲ್ಲಿ ಊರಿನವರಿಗಿಂತ ಜಾರ್ಖಂಡ್, ಅಸ್ಸಾಂ ಕಡೆಯವರು ಜಾಸ್ತಿ. ಹೋದ ತಿಂಗಳು ಒಂದು ಮನೆಗೆ ಲೈಟ್ ಬಲ್ಬ್ ಕೊಡಲು ಹೋದೆ. ಒಳಗೆ ಗೋಡೆಯ ಮೇಲೆ ಕ್ಯಾಲೆಂಡರಿನಿಂದ ಕತ್ತರಿಸಿದ ಮಾತೆ ಮರಿಯಳ ಚಿತ್ರ. ಅನ್ನ ಮೆತ್ತಿ ಅಂಟಿಸಿದ್ದರು, ಮೂಲೆಯನ್ನು ಇರುವೆ ತಿಂದಿತ್ತು. ಕೆಳಗೆ ಒಂದು ಬಾಟಲಿ ಮುಚ್ಚಳದಲ್ಲಿ ಮೇಣದ ಬತ್ತಿ. ನಾನೂ ಕ್ರೈಸ್ತ ಅಂತ ಎದೆಯ ಮೇಲಿನ ಶಿಲುಬೆ ತೋರಿಸಿದೆ. ಆ ಹೆಂಗಸು ಜೋರಾಗಿ ಅತ್ತುಬಿಟ್ಟರು. ಇಲ್ಲಿ ಚರ್ಚು ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಭಾನುವಾರ ಅವರಿಗೆ ಸಂತೆ, ಅಕ್ಕಿ ಬೇಳೆ, ಫೋನ್ ರೀಚಾರ್ಜ್, ಊರಿಗೆ ದುಡ್ಡು ಕಳಿಸುವುದು. ಗೊತ್ತಾಗಿ ಹೋದರೂ ಪೂಜೆ ಕನ್ನಡದಲ್ಲಿ ಇಲ್ಲವೇ ಮಲಯಾಳದಲ್ಲಿ.

ಆ ಲೈನಿನಲ್ಲಿ ಇನ್ನೂ ಕೆಲವು ಮನೆಯವರು ಕ್ಯಾಥೊಲಿಕ್, ಒಂದೆರಡು ಮನೆ ಲೂಥರನ್. ನಮ್ಮ ಚರ್ಚಿನಲ್ಲಿ ಹೊಸ ಬೆಂಚು ಮಾಡಿಸುವ ಬಗ್ಗೆ ಚರ್ಚೆ ನಡೆಯುತ್ತಿದೆ.

ಹಳೇ_ಮೇಷ್ಟ್ರು

ರೈಟರ್ ಅವರೇ, ಇದು ಎಲ್ಲಕ್ಕಿಂತ ದೊಡ್ಡ ವಿಷಯ. ಅವರ ಕಡೆ ಕ್ರೈಸ್ತಧರ್ಮ ಬೇರೂರಿದ್ದು ನೆನ್ನೆ ಮೊನ್ನೆ ಅಲ್ಲ. ಗಾಸ್ನರ್ ಮಿಷನ್ನಿನ ಲೂಥರನ್ನರು 1845ರಲ್ಲೇ ರಾಂಚಿಗೆ ಬಂದರು. 1885ರಲ್ಲಿ ಬೆಲ್ಜಿಯಂನ ಯೇಸುಸಭೆಯ (ಜೆಸ್ವಿಟ್) ಗುರು ಕಾನ್‌ಸ್ಟಂಟ್ ಲೀವನ್ಸ್ ಛೋಟಾನಾಗ್ಪುರಕ್ಕೆ ಹೋದರು. ಮುಂಡಾ, ಉರಾಂವ್ ಜನರ ಜಮೀನನ್ನು ಜಮೀನ್ದಾರರು ಕಸಿಯುತ್ತಿದ್ದ ಕಾಲ. ಅವರು ಕಾನೂನು ಕಲಿತು, ಕೋರ್ಟಿನಲ್ಲಿ ಆ ಜನರ ಪರ ನಿಂತರು.

ಟೀಚರ್_ಸುಂಟಿಕೊಪ್ಪ

ಮೇಷ್ಟ್ರೇ, ಈಗ ನೀವು ನನ್ನ ಪರ ಮಾತಾಡಿದಿರಿ. ಲೀವನ್ಸ್ ಜಮೀನಿನ ಕೇಸು ಹಿಡಿದಿದ್ದರಿಂದಲೇ ಜನ ಅವರ ಮಾತು ಕೇಳಿದ್ದು.

ಹಳೇ_ಮೇಷ್ಟ್ರು

ಕೇಸು ಹಿಡಿದಿದ್ದು ಜನರ ಜಮೀನಿಗೆ, ಚರ್ಚಿನ ಜಮೀನಿಗೆ ಅಲ್ಲ. ನಾನು ಮೊದಲಿನಿಂದ ಹೇಳುತ್ತಿರುವುದು ಆ ವ್ಯತ್ಯಾಸವನ್ನೇ.

ಟೀಚರ್_ಸುಂಟಿಕೊಪ್ಪ

ಅಷ್ಟು ಹೇಳಿದರೆ ನಾನು ಪೂರ್ತಿ ಒಪ್ಪುತ್ತೇನೆ. ಹಾಗೆ ನೋಡಿದರೆ ಶಾಲೆಯೂ ಜನರ ಮಕ್ಕಳಿಗೆ.

ಅನಾಮಿಕ_ಗುರು

ರೈಟರ್, 529ನೇ ವಿಧಿ ಗುರುವಿಗೆ ಇದನ್ನೇ ಹೇಳುತ್ತದೆ. ಮನೆ ಭೇಟಿ ಮಾಡು, ಬಡವರನ್ನು, ನೊಂದವರನ್ನು, ಒಂಟಿಯಾದವರನ್ನು, ನೆಲ ಬಿಟ್ಟು ಬಂದವರನ್ನು ವಿಶೇಷವಾಗಿ ಹುಡುಕಿಕೊಂಡು ಹೋಗು ಅಂತ. ಹುಡುಕಿಕೊಂಡು ಅಂತ ಇದೆ, ಅವರು ಬರುವ ತನಕ ಕಾಯಬೇಕು ಅಂತ ಇಲ್ಲ. ನಾನು ಬರುತ್ತೇನೆ. ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಮೊದಲು ಫೋನ್ ಮಾಡಿ ಅವರ ಜೊತೆಯಲ್ಲೇ ಬರುತ್ತೇನೆ. ನನಗೆ ಹಿಂದಿಯಲ್ಲಿ ಪೂಜೆ ಮಾಡಲು ಬರುತ್ತದೆ.

ಟೀಚರ್_ಸುಂಟಿಕೊಪ್ಪ

ನನಗೆ ಗೊತ್ತಿರುವ ಕಾನ್ವೆಂಟಿನಲ್ಲಿ ರಾಂಚಿ ಕಡೆಯ ಸಿಸ್ಟರ್ ಒಬ್ಬರಿದ್ದಾರೆ. ಸಾದ್ರಿ ಅವರ ಮನೆಮಾತು. ಇವತ್ತೇ ಕೇಳುತ್ತೇನೆ.

ಸಿಎಸ್‌ಐ_ಸಭೆಯವಳು

ಲೂಥರನ್ ಮನೆಯವರನ್ನು ನಮ್ಮ ಅಯ್ಯನವರಿಗೆ ತಿಳಿಸುತ್ತೇನೆ. ಇದರಲ್ಲಿ ಯಾವ ಗುಂಪೂ ಇಲ್ಲ, ಅವರು ಬಂದೇ ಬರುತ್ತಾರೆ. ಎಲ್ಲರೂ ಒಂದೇ ದಿನ ಹೋದರೆ ಇನ್ನೂ ಒಳ್ಳೆಯದು.

ಪೊನ್ನಂಪೇಟೆ_ಗೆಳೆಯ

ಎಸ್ಟೇಟ್ ಮಾಲೀಕರಿಗೆ ಮೊದಲೇ ಹೇಳಿಬಿಡಿ. ಹೇಳದೆ ಹೋದರೆ ಯಾರಾದರೂ ವಿಡಿಯೋ ಮಾಡಿ ಮತಾಂತರ ಅಂತ ಹಬ್ಬಿಸುತ್ತಾರೆ. ಮಾಲೀಕರು ನಮ್ಮವರಾದರೆ ನಾನೇ ಮಾತಾಡುತ್ತೇನೆ. ಅವರ ಧರ್ಮದ ಪ್ರಾರ್ಥನೆ ಅವರು ಮಾಡಿಕೊಳ್ಳುವುದಕ್ಕೆ ಯಾರ ಅಡ್ಡಿ?

ಸಿದ್ದಾಪುರ_ರೈಟರ್

ಮಾಲೀಕರಿಗೆ ನಾನು ಹೇಳಿದ್ದೇನೆ, ಒಪ್ಪಿದ್ದಾರೆ. ನಿಮ್ಮ ಮಾತಿಗೆ ತುಂಬಾ ಸಂತೋಷ ಅಣ್ಣ. ಕಣದ ಪಕ್ಕದ ಶೆಡ್ ಖಾಲಿ ಇದೆ, ಅಲ್ಲೇ ಮಾಡೋಣ. ಸಂತೆಯಿಂದ ಅವರು ವಾಪಸ್ ಬರುವುದು ಮಧ್ಯಾಹ್ನ ಎರಡಕ್ಕೆ. ಮೂರಕ್ಕೆ ಶುರು ಮಾಡಿ ಐದರ ಒಳಗೆ ಮುಗಿಸಲೇಬೇಕು. ಆಮೇಲೆ ಆನೆ ರಸ್ತೆಗೆ ಇಳಿಯುತ್ತವೆ, ಬೈಕಿನಲ್ಲಿ ಬರುವವರಿಗೆ ಅಪಾಯ.

ಅಮ್ಮತ್ತಿ_ತೋಟ

ನನ್ನ ಜೀಪ್ ಇದೆ, ಸಿಸ್ಟರನ್ನೂ ಫಾದರನ್ನೂ ಕರೆದುಕೊಂಡು ಬಂದು ವಾಪಸ್ ಬಿಡುತ್ತೇನೆ. ಬರುವಾಗ ಏನು ತರಬೇಕು ಹೇಳಿ. ಅಕ್ಕಿ, ಬಟ್ಟೆ?

ಸಿದ್ದಾಪುರ_ರೈಟರ್

ಏನೂ ತರಬೇಡಿ. ಅವರು ದುಡಿದು ತಿನ್ನುವ ಜನ. ಹಿಂದಿ ಹಾಡಿನ ಪುಸ್ತಕ ಸಿಕ್ಕರೆ ತನ್ನಿ. ಬ್ಯಾನರ್ ಬೇಡ, ಫೋಟೋ ತೆಗೆಯುವವರು ಬೇಡ. ಕುರ್ಚಿಯೂ ಬೇಡ, ಅವರ ಜೊತೆ ನೆಲದ ಮೇಲೆ ಕೂರಲು ಆಗುವವರು ಬನ್ನಿ.